ಮೊದಲು ಹಾಡು, ಆಮೇಲೆ ಗದ್ದಲ

ಕಳೆದ ವಾರ ಗಾಂಧಿ ಬಜಾರಿನ ಒಂದು ಧಾನ್ಯದಂಗಡಿಯ ಮುಂದೆ ಸುಮ್ಮನೆ ನಿಂತುಬಿಟ್ಟೆ. ಸಿಪ್ಪೆ ತೆಗೆಯದ ನವಣೆಯ ಮೂಟೆಯನ್ನು ಆಗಷ್ಟೇ ಬಿಚ್ಚಿದ್ದರು. ಅದರ ಒಣ ದೂಳು ಮೂಗಿಗೆ ಬಡಿದದ್ದೇ ತಡ, ಕೈಯಿಂದ ಮೂಗು ಮುಚ್ಚಿಕೊಂಡೆ. ಅಂಗಡಿಯವನು ನನ್ನ ಮುಖ ನೋಡಿ, "ಶುಗರ್‌ಗಾ ಮೇಡಂ? ತಿನ್ನೋ ನವಣೆ ಒಳಗಿದೆ. ಇದು ಹಕ್ಕಿಗೆ," ಅಂದ. ಇದು ಹಕ್ಕಿಗೆ ಅಂತ ನನಗೆ ಅವನು ಹೇಳಿಕೊಡಬೇಕೆ! ಒಂದಿಡೀ ವರ್ಷ ಆ ದೂಳು ನನ್ನ ಚೂಡಿದಾರದಲ್ಲಿ, ಕೂದಲಲ್ಲಿ, ಊಟದ ಡಬ್ಬಿಯಲ್ಲಿ ಇತ್ತು. ಏನೂ ಬೇಡ ಎಂದು ಹೇಳಿ ಮುಂದೆ ನಡೆದೆ. ಆ ವರ್ಷ ಮಾತ್ರ ಮನೆಯವರೆಗೂ ನನ್ನ ಹಿಂದೆಯೇ ಬಂತು.

ಆಗ ನಾನು ಪಿಎಚ್.ಡಿ. ವಿದ್ಯಾರ್ಥಿನಿ. ಶಿವಮೊಗ್ಗದ ಹೊರವಲಯದ ಒಂದು ಖಾಸಗಿ ಕಾಲೇಜಿನ ಸಂಶೋಧನಾ ಕೇಂದ್ರದಲ್ಲಿ ಅದು ನನ್ನ ನಾಲ್ಕನೆಯ ವರ್ಷ, ಕೊನೆಯದು ಕೂಡ. ಕಾಲೇಜಿನ ಹೆಸರು ಹೇಳುವುದಿಲ್ಲ. ನನ್ನ ಗೈಡ್ ಹೆಸರನ್ನೂ ಹೇಳುವುದಿಲ್ಲ. ಹೇಳಿದರೆ ಈ ಪುಟವನ್ನೇ ಕತ್ತರಿಸಿ ಫ್ರೇಮ್ ಹಾಕಿಸಿಕೊಳ್ಳುವ ಮನುಷ್ಯ ಅವರು. ಸರ್ ಅಂದರೆ ಸಾಕು. ಕೇಂದ್ರವೆಂದರೆ ಎರಡು ಕೋಣೆ, ಒಂದು ಬೋರ್ಡು. ಬೋರ್ಡು ಕೋಣೆಗಿಂತ ಉದ್ದ. ಮೊದಲನೆಯ ಕೋಣೆಯ ಗಾಜಿನ ಬೀರುಗಳ ತುಂಬ ಸರ್‌ಗೆ ಸನ್ಮಾನಗಳಲ್ಲಿ ಕೊಟ್ಟ ನೆನಪಿನ ಕಾಣಿಕೆಗಳು. ಜಾಗ ಸಾಲದೆ ಮೈಕ್ರೋಸ್ಕೋಪನ್ನು ನೆಲದ ಮೇಲಿಟ್ಟಿದ್ದರು. ಎರಡನೆಯದು ಹಿಂದೆ ಆಟದ ಸಾಮಾನು ತುಂಬಿಡುತ್ತಿದ್ದ ಕೋಣೆ. ಗೋಡೆಗೆ ಮೊಟ್ಟೆಯ ಟ್ರೇ, ಹಳೆಯ ಹಾಸಿಗೆ ಎಲ್ಲ ಸೇರಿಸಿ ಮೊಳೆ ಹೊಡೆದು, ಬಾಗಿಲಿಗೆ 'ಧ್ವನಿನಿರೋಧಕ ಪ್ರಯೋಗಾಲಯ' ಎಂದು ಬರೆಸಿದ್ದರು. ಮೇಲೆ ನೋಡಿದರೆ ತಗಡಿನ ಮಾಡು! ಜೂನ್ ಬಂತೆಂದರೆ ಒಳಗೆ ನಮ್ಮ ಮಾತು ನಮಗೇ ಕೇಳುತ್ತಿರಲಿಲ್ಲ. ಮಳೆ ಬಿಟ್ಟ ಹೊತ್ತು ನೋಡಿಕೊಂಡು ಕೆಲಸ ಮಾಡಬೇಕಿತ್ತು.

ಕೆಲಸ ಏನೆಂದು ಹೇಳುತ್ತೇನೆ. ಹಾಡುವ ಹಕ್ಕಿಯ ಮಿದುಳಿನಲ್ಲಿ ಸದ್ದು ಕೇಳಿಸಿಕೊಳ್ಳುವ ಒಂದು ಜಾಗವಿದೆ. ಅಲ್ಲಿನ ನರಕೋಶಗಳು ನಿಸರ್ಗದ ಸದ್ದುಗಳನ್ನು ಹೇಗೆ ಗುರುತಿಸುತ್ತವೆ, ಇದು ಹಾಡು, ಇದು ನೀರು, ಇದು ಸುಮ್ಮನೆ ಗದ್ದಲ ಎಂದು ಅವಕ್ಕೆ ಹೇಗೆ ಗೊತ್ತಾಗುತ್ತದೆ ಎನ್ನುವುದು ನನ್ನ ಪ್ರಶ್ನೆ. ಹಕ್ಕಿಯೆಂದರೆ ಜೀಬ್ರಾ ಫಿಂಚ್. ಗುಬ್ಬಚ್ಚಿಗಿಂತ ಸಣ್ಣದು, ಕೆಂಪು ಕೊಕ್ಕು, ಗಂಡು ಹಾಡಿದರೆ ಮಕ್ಕಳ ಪೀಪಿ ಊದಿದ ಹಾಗಿರುತ್ತದೆ. ಅದಕ್ಕೆ ಅರಿವಳಿಕೆ ಕೊಟ್ಟು, ಕೂದಲಿಗಿಂತ ತೆಳ್ಳಗಿನ ತಂತಿಯನ್ನು ಮಿದುಳಿನ ಆ ಜಾಗಕ್ಕೆ ಇಳಿಸಿ, ಸ್ಪೀಕರಿನಲ್ಲಿ ಒಂದೊಂದೇ ಸದ್ದು ಕೇಳಿಸಬೇಕು. ನರಕೋಶ ಪ್ರತಿಕ್ರಿಯಿಸಿದಾಗಲೆಲ್ಲ ನಮ್ಮ ಯಂತ್ರದಲ್ಲಿ ಸಾಸಿವೆ ಸಿಡಿದ ಹಾಗೆ ಟಕ್ ಟಕ್ ಎನ್ನುತ್ತದೆ. ಆ ಟಕ್‌ಗಳನ್ನು ಎಣಿಸಬೇಕು. ನಾಲ್ಕೈದು ಗಂಟೆಯ ಕೆಲಸ. ಆಮೇಲೆ ಆ ಹಕ್ಕಿಯನ್ನು ಎಬ್ಬಿಸುವುದಿಲ್ಲ.

ಸದ್ದುಗಳು ಎರಡು ಬಗೆ. ಫಿಂಚಿನ ಹಾಡು, ಮಡಿವಾಳ ಹಕ್ಕಿಯ ಸಿಳ್ಳು, ಗಾಜನೂರಿನಲ್ಲಿ ಹೊಳೆ ಹರಿಯುವ ಸದ್ದು, ಇವು ನಿಸರ್ಗದವು. ಇನ್ನೊಂದು ಬಗೆ ಕಂಪ್ಯೂಟರಿನಲ್ಲಿ ಮಾಡಿದ್ದು. ಅಷ್ಟೇ ಜೋರು, ಅಷ್ಟೇ ಉದ್ದ, ದನಿಯ ದಪ್ಪ ಸಣ್ಣವೂ ಅದೇ, ಆದರೆ ಹಾಡಿನ ಏರಿಳಿತವನ್ನೆಲ್ಲ ಕಿತ್ತುಹಾಕಿದ ಬರೀ 'ಹುಸ್ಸ್' ಎನ್ನುವ ಗದ್ದಲ. ಈ ಎರಡಕ್ಕೂ ನರಕೋಶ ಹೇಗೆ ಮಿಡಿಯುತ್ತದೆ ಎಂದು ಹೋಲಿಸಿ ನೋಡುವುದು. ಹೊಳೆಯ ಸದ್ದು ಹಿಡಿಯಲು ನಾನೂ, ನನ್ನ ಜೊತೆಯ ಸಂಶೋಧಕ ಗಿರೀಶನೂ ಎಂಟು ದಿನ ಬೆಳಗ್ಗೆ ಗಾಜನೂರಿಗೆ ಹೋಗಿದ್ದೆವು. ಒಂಬತ್ತನೆಯ ದಿನ ಸರ್ ಬಂದರು, ಫೋಟೋಗ್ರಾಫರನ್ನು ಕಟ್ಟಿಕೊಂಡು. ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ, ಮೈಕನ್ನು ತಮ್ಮ ಹೊಟ್ಟೆಯ ಕಡೆ ತಿರುಗಿಸಿ ಹಿಡಿದು ನಿಂತರು. ಹೆಡ್‌ಫೋನಿನ ವೈರು ಯಾವುದಕ್ಕೂ ಸಿಕ್ಕಿಸಿರಲಿಲ್ಲ, ಗಾಳಿಗೆ ತೂಗಾಡುತ್ತಿತ್ತು. ಅದೇ ಫೋಟೋ ಮರುದಿನ ಪೇಪರಿನಲ್ಲಿ ಬಂತು.

ಹಕ್ಕಿಗಳು ಭದ್ರಾವತಿಯಿಂದ ಬರುತ್ತಿದ್ದವು. ಅಲ್ಲಿ ಉಕ್ಕಿನ ಕಾರ್ಖಾನೆಯ ಹಳೆಯ ಕ್ವಾರ್ಟರ್ಸಿನ ಸಾಲಿನಲ್ಲಿ ಸೆಲ್ವರಾಜಣ್ಣ ಇದ್ದರು. ಕುಲುಮೆಯ ಹತ್ತಿರ ಮೂವತ್ತು ವರ್ಷ ದುಡಿದು ನಿವೃತ್ತರಾದವರು, ಮನೆಮಾತು ತಮಿಳು. ಆ ಸದ್ದಿಗೆ ಎಡಗಿವಿ ಅರ್ಧ ಹೋಗಿತ್ತು. ಮಾತಾಡುವಾಗ ಬಲಗಿವಿ ಮುಂದೆ ಮಾಡಿ ನಿಲ್ಲುತ್ತಿದ್ದರು. ಹಿತ್ತಿಲಿನ ಶೀಟಿನ ಕೆಳಗೆ ಸಾಲಾಗಿ ಪಂಜರ, ಪ್ರತಿಯೊಂದರಲ್ಲಿ ಜೋಡಿ ಫಿಂಚು. ಮೊದಲ ಸಲ ಹೋದಾಗಲೇ ನಾನು ಮುಚ್ಚುಮರೆ ಮಾಡದೆ ಹೇಳಿದ್ದೆ, "ಸೆಲ್ವರಾಜಣ್ಣ, ತಗೊಂಡು ಹೋದ ಹಕ್ಕಿ ವಾಪಸ್ ಬರಲ್ಲ." ಅವರು ಪಂಜರದ ಚಿಲಕ ಸರಿಮಾಡುತ್ತ ಕೇಳಿದರು.

"ಎದುಕ್ಕಮ್ಮಾ ಅದು, ಯಾಕೆ? ಏನ್ ಗೊತ್ತಾಗುತ್ತೆ ಅದರಿಂದ?"

ನನಗೆ ತಿಳಿದ ಹಾಗೆ ವಿವರಿಸಿದೆ. ಕಿವಿ ಕೇಳಿಸದ ಮಕ್ಕಳಿಗೆ ಇಂದಲ್ಲ ನಾಳೆ ಇಂಥ ಕೆಲಸ ಉಪಯೋಗಕ್ಕೆ ಬರಬಹುದು ಎಂದೂ ಹೇಳಿದೆ. ಅದು ಸುಳ್ಳಲ್ಲ. ಅವರು ತಮ್ಮ ಎಡಗಿವಿ ಸವರಿಕೊಂಡು, "ಸರಿ, ತಗೊಳ್ಳಿ. ಆದ್ರೆ ವೇಸ್ಟ್ ಮಾಡ್ಬೇಡಿ ಮೇಡಂ. ಕೆಲಸಕ್ಕೆ ಬರಬೇಕು ಒಂದೊಂದೂ," ಅಂದರು. ಮಾಡಲ್ಲ ಅಂತ ಮಾತು ಕೊಟ್ಟೆ. ಯಾರೂ ಕೇಳದೇ ಇದ್ದರೂ ಕೊಡುತ್ತಿದ್ದೆ, ಅಷ್ಟು ಹುಮ್ಮಸ್ಸು ಆಗ.

ಪ್ರಯೋಗದ ಮೊದಲ ದಿನ ಸರ್ ಯಂತ್ರಕ್ಕೆ ಅರಿಶಿನ ಕುಂಕುಮ ಹಚ್ಚಿಸಿದರು, ಕಾಯಿ ಒಡೆಸಿದರು. ಅದಕ್ಕೆ ನನ್ನದೇನೂ ತಕರಾರಿಲ್ಲ. ನಮ್ಮ ಮನೆಯಲ್ಲಿ ಮಿಕ್ಸಿಗೂ ಆಯುಧಪೂಜೆ ಮಾಡುತ್ತಾರೆ. ಆಮೇಲೆ ನಾನು ಸದ್ದುಗಳ ಪಟ್ಟಿ ತೋರಿಸಿದೆ. ಸರ್ ಕನ್ನಡಕ ಹಣೆಗೇರಿಸಿ ಓದಿದರು.

"ಇದೇನ್ ಶೈಲಾ, ಗದ್ದಲದಿಂದ ಶುರು ಮಾಡಿದೀರಿ?"

"ಸರ್, ಯಾವುದಾದ್ರೂ ಒಂದು ಮೊದಲು ಬರಬೇಕಲ್ಲ."

"ಯಾವ ಕಾರ್ಯಕ್ರಮ ಆದ್ರೂ ಪ್ರಾರ್ಥನೆಯಿಂದ ಶುರು ಆಗ್ಬೇಕು ಕಣ್ರೀ. ಮೊದಲು ಹಾಡು. ಆಮೇಲೆ ನಿಮ್ಮ ಗದ್ದಲ ಎಷ್ಟಾದ್ರೂ ಹಾಕ್ಕೊಳ್ಳಿ. ಅಪಶಕುನದ ಹಂಗೆ ಹುಸ್ಸ್ ಅಂತ ಶುರು ಮಾಡಿದ್ರೆ ಏನು ಶೋಭೆ?"

ಗಿರೀಶ ಹಲ್ಲು ಗಿಂಜಿ, "ಕರೆಕ್ಟ್ ಸರ್," ಅಂದ. ಅವನ ಸಂಶೋಧನೆಯೇ ಅದು, ಸರ್ ಹೇಳಿದ್ದಕ್ಕೆ ಕರೆಕ್ಟ್ ಅನ್ನುವುದು. ಆದರೆ ಗಿರೀಶನನ್ನು ಬೈದು ಏನು ಪ್ರಯೋಜನ? ನಾನೂ ಒಪ್ಪಿದೆ. ಹೆದರಿ ಒಪ್ಪಿದ್ದಲ್ಲ, ನನಗೂ ಅದು ಸರಿಯೆಂದೇ ಕಂಡಿತು. ಶಾಲೆಯ ವಾರ್ಷಿಕೋತ್ಸವದಿಂದ ಹಿಡಿದು ಸೊಸೈಟಿಯ ಮಹಾಸಭೆಯವರೆಗೆ ಎಲ್ಲವೂ ಪ್ರಾರ್ಥನೆಯಿಂದ ಶುರುವಾಗುವುದನ್ನು ನೋಡಿ ಬೆಳೆದವಳು ನಾನು. ಹಾಡು ಮೊದಲು ಬಂದರೆ ಏನು ಕೆಡುತ್ತದೆ ಎಂದು ಯೋಚಿಸಲೇ ಇಲ್ಲ. ಮೊದಲ ಫೈಲಿಗೆ ನಾನೇ 'ಪ್ರಾರ್ಥನೆ' ಎಂದು ಹೆಸರಿಟ್ಟೆ. ಪ್ರತಿ ಹಕ್ಕಿಗೂ, ಪ್ರತಿ ದಿನವೂ ಅದೇ ಕ್ರಮ. ಮೊದಲು ಫಿಂಚಿನ ಹಾಡು, ಆಮೇಲೆ ಮಡಿವಾಳ, ಆಮೇಲೆ ಹೊಳೆ, ಎಲ್ಲಕ್ಕೂ ಕೊನೆಗೆ ಕೃತಕ ಗದ್ದಲ.

ಫಲಿತಾಂಶ ಬಂತು ನೋಡಿ, ಏನು ಚೆಂದ! ಹಾಡು ಕೇಳಿಸಿದರೆ ಒಗ್ಗರಣೆ ಸಿಡಿದ ಹಾಗೆ ಟಕಟಕಟಕ. ಹೊಳೆಗೆ ಸ್ವಲ್ಪ ಕಡಿಮೆ. ಗದ್ದಲಕ್ಕೆ ಬಂದರೆ ಅಲ್ಲೊಂದು ಇಲ್ಲೊಂದು. ಜೂನ್, ಜುಲೈ ಎರಡು ತಿಂಗಳು ಒಂದರ ಹಿಂದೆ ಒಂದು ಹಕ್ಕಿ ಅದನ್ನೇ ಹೇಳಿತು. ಸರ್ ಉಬ್ಬಿಹೋದರು. ಒಂದು ಸಭೆಯನ್ನೂ ಬಿಡಲಿಲ್ಲ. ರೋಟರಿಯಂಥ ಕಡೆ, ಹಿರಿಯ ನಾಗರಿಕರ ಕೂಟದಲ್ಲಿ, ಯಾರದೋ ಗೃಹಪ್ರವೇಶದ ಪೆಂಡಾಲಿನಲ್ಲಿ ಕೂಡ ಮೈಕ್ ಸಿಕ್ಕರೆ ಸಾಕು, "ನಿಸರ್ಗದ ನಾದಕ್ಕೆ ಮಿದುಳು ಮನಸೋಲುತ್ತದೆ ಬಂಧುಗಳೇ! ಕೃತಕವಾದದ್ದನ್ನು ಒಂದು ಸಣ್ಣ ಹಕ್ಕಿಯ ನರಕೋಶ ಕೂಡ ತಿರಸ್ಕರಿಸುತ್ತದೆ! ಇದನ್ನು ನಮ್ಮ ಹಿರಿಯರು ಎಂದೋ ಬಲ್ಲವರಾಗಿದ್ದರು!" ಎಂದು ಶುರು ಮಾಡುತ್ತಿದ್ದರು. ಜನ ಚಪ್ಪಾಳೆ ತಟ್ಟುತ್ತಿದ್ದರು. ಶಾಲು, ಹಾರ, ಹಣ್ಣಿನ ಬುಟ್ಟಿ. ಹಣ್ಣು ಕೊಳೆಯುವ ಮುಂಚೆ ಲ್ಯಾಬಿಗೆ ಕಳಿಸುತ್ತಿದ್ದರು, ಅಷ್ಟು ಮಾತ್ರ ಉಪಕಾರ. ಕಾಲೇಜಿನ ಗೇಟಿನ ಹತ್ತಿರ ಫ್ಲೆಕ್ಸ್ ಏರಿತು. ಅದರಲ್ಲಿ ಸರ್ ಮುಖ ಆಳೆತ್ತರ, ಫಿಂಚು ಅವರ ಭುಜದ ಹತ್ತಿರ ಲಿಂಬೆಹಣ್ಣಿನಷ್ಟು. ನಾನು ಎಲ್ಲೂ ಇರಲಿಲ್ಲ. ಆಗ ಅದಕ್ಕೆ ಹೊಟ್ಟೆ ಉರಿದಿತ್ತು, ಸುಳ್ಳು ಯಾಕೆ ಹೇಳಲಿ.

ಆಗಸ್ಟಿನಲ್ಲಿ ಮಳೆ ಜೋರಾಯಿತು. ತುಂಗೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ತಗಡಿನ ಮೇಲೆ ಮೂರು ದಿನ ಒಂದೇ ಸಮ ಬಡಿದು ಕೆಲಸ ನಿಂತಿತು. ಹದಿನೆಂಟು ಹಕ್ಕಿ ಮುಗಿದಿತ್ತು. ಇನ್ನೆರಡು ಬೇಕೆಂದು ಬಸ್ ಹತ್ತಿ ಭದ್ರಾವತಿಗೆ ಹೋದೆ. ಸೆಲ್ವರಾಜಣ್ಣನ ಹೆಂಡತಿ ಬಿಸಿ ಕಾಫಿ ಕೊಟ್ಟರು. ನಾನು ಖುಷಿಯಿಂದ ಫಲಿತಾಂಶ ಹೇಳಿದೆ. ಹಾಡಿಗೆ ಇಷ್ಟು, ಗದ್ದಲಕ್ಕೆ ಇಷ್ಟು, ಎಲ್ಲ ಹಕ್ಕಿಯಲ್ಲೂ ಹಾಗೇ ಎಂದೆ. ಅವರು ಬಲಗಿವಿ ಮುಂದೆ ಮಾಡಿ ಪೂರ್ತಿ ಕೇಳಿದರು.

"ಮೊದಲು ಯಾವುದು ಹಾಕ್ತೀರಾ ಮೇಡಂ?"

"ಹಾಡು."

"ದಿನಾನೂ?"

"ದಿನಾನೂ."

ಅವರು ಎದ್ದು ಹಿತ್ತಿಲಿಗೆ ಕರೆದರು. ಒಂದು ಪಂಜರಕ್ಕೆ ಹೊದಿಸಿದ್ದ ಬಟ್ಟೆ ಮೆಲ್ಲಗೆ ತೆಗೆದು, ಸ್ಟೀಲ್ ತಟ್ಟೆಗೆ ಚಮಚದಿಂದ ಒಂದೇಟು ಹಾಕಿದರು. ಎರಡೂ ಹಕ್ಕಿ ಕತ್ತು ನಿಗುರಿಸಿ ಕಲ್ಲಾದವು. ಮತ್ತೊಂದೇಟು. ಸ್ವಲ್ಪ ಕತ್ತು ಹೊರಳಿಸಿದವು. ಐದು, ಆರು, ಏಳು. ಎಂಟನೆಯ ಏಟಿಗೆ ಒಂದು ಹಕ್ಕಿ ನವಣೆ ಹೆಕ್ಕುತ್ತಿತ್ತು, ಇನ್ನೊಂದು ಪುಕ್ಕ ನೇವರಿಸಿಕೊಳ್ಳುತ್ತಿತ್ತು. ಪಕ್ಕದ ಪಂಜರದ ಬಟ್ಟೆ ತೆಗೆದು ಈ ಸಲ ಬಾಯಿಂದ ಸಿಳ್ಳು ಹಾಕಿದರು. ಅವೂ ಹಾಗೆಯೇ ನಿಗುರಿದವು, ಹಾಗೆಯೇ ಮರೆತವು.

"ಪಾರಮ್ಮಾ, ನೋಡಿ. ಬೆಳಗ್ಗೆ ಮೊದಲು ಏನು ಕೇಳ್ತೋ ಅದಕ್ಕೆ ಎದ್ದು ಕೂತ್ಕೊಳುತ್ತೆ. ಹಾಡಾದ್ರೂ ಅಷ್ಟೇ, ತಟ್ಟೆ ಆದ್ರೂ ಅಷ್ಟೇ. ಆಮೇಲೆ ಪಟಾಕಿ ಹೊಡುದ್ರೂ ಸುಮ್ನೆ ಇರುತ್ತೆ. ಇದು ಹಕ್ಕಿ ಸಾಕೋರಿಗೆಲ್ಲ ಗೊತ್ತು. ನೀವು ಯಾವಾಗ್ಲೂ ಹಾಡು ಮೊದಲು ಹಾಕಿ, ಗದ್ದಲ ಲಾಸ್ಟಿಗೆ ಹಾಕಿದ್ರೆ..." ಅಲ್ಲಿಗೆ ನಿಲ್ಲಿಸಿ ನನ್ನ ಮುಖ ನೋಡಿದರು. ಕಲಿತವಳಿಗೆ ಹೇಳಿಕೊಡಲು ಸಂಕೋಚವಾಗಿತ್ತು ಅವರಿಗೆ.

ವಾಪಸ್ ಬರುವಾಗ ಬಸ್ಸಿನಲ್ಲಿ ತೊಡೆಯ ಮೇಲೆ ಪುಟ್ಟ ಪಂಜರ, ಅದರಲ್ಲಿ ಎರಡು ಹಕ್ಕಿ. ದಾರಿಯುದ್ದಕ್ಕೂ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವು ಎಚ್ಚರವಿರುವ ಹಕ್ಕಿ, ನಮ್ಮದು ಅರಿವಳಿಕೆಯಲ್ಲಿರುವ ಹಕ್ಕಿ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಒಬ್ಬ ಕುಲುಮೆಯ ಕೆಲಸಗಾರನಿಗೆ ಹೊಳೆದದ್ದು ಎಂ.ಎಸ್‌ಸಿ.ಯಲ್ಲಿ ರ‍್ಯಾಂಕ್ ಬಂದ ನನಗೆ ಹೊಳೆಯದೆ ಇರುತ್ತದೆಯೇ ಎಂದೂ ಅಂದುಕೊಂಡೆ. ನೋಡಿ, ನನ್ನ ಕೊಬ್ಬು ಕೂಡ ಕಡಿಮೆಯದೇನಲ್ಲ.

ಅದೇ ವಾರ ಸರ್ ದಾವಣಗೆರೆಗೆ ಸನ್ಮಾನಕ್ಕೆ ಹೋದರು. ಗಿರೀಶ ಅವರ ಬ್ಯಾಗ್ ಹಿಡಿದುಕೊಂಡು ಹೋದ. ಮಳೆ ಒಂದಿಷ್ಟು ಬಿಟ್ಟಿತ್ತು. ನಾನು ಹತ್ತೊಂಬತ್ತನೆಯ ಹಕ್ಕಿಯನ್ನು ಮಲಗಿಸಿ, ತಂತಿ ಇಳಿಸಿ, ಪಟ್ಟಿಯನ್ನು ತಿರುವಿ ಹಾಕಿದೆ. ಮೊದಲು ಗದ್ದಲ. ಯಂತ್ರ ಬಾಯಿಬಿಟ್ಟಿತು. ಟಕಟಕಟಕಟಕ! ಯಾವ ಗದ್ದಲವನ್ನು ಸಣ್ಣ ಹಕ್ಕಿಯೂ ತಿರಸ್ಕರಿಸುತ್ತದೆ ಎಂದು ಊರೆಲ್ಲ ಡಂಗುರ ಸಾರಿದ್ದರೋ ಅದೇ ಗದ್ದಲಕ್ಕೆ. ಕೊನೆಯಲ್ಲಿ ಹಾಡು ಬಂದಾಗ ನರಕೋಶ ತೂಕಡಿಸುತ್ತಿತ್ತು. ಇಪ್ಪತ್ತನೆಯ ಹಕ್ಕಿಗೆ ಚೀಟಿ ಎತ್ತಿದ ಹಾಗೆ ಒಂದು ಸದ್ದೂ ಸಾಲಿನಲ್ಲಿ ಬರದಂತೆ ಕಲಸಿ ಹಾಕಿದೆ. ಎಣಿಕೆ ಎರಡಕ್ಕೂ ಹೆಚ್ಚುಕಡಿಮೆ ಸಮ ಬಂತು. ಅಯ್ಯೋ ಶಿವನೇ, ಹದಿನೆಂಟು ಹಕ್ಕಿಯಲ್ಲಿ ನಾವು ಅಳೆದದ್ದು ನಿಸರ್ಗವನ್ನೂ ಅಲ್ಲ, ನಾದವನ್ನೂ ಅಲ್ಲ. ಯಾವುದು ಮೊದಲು ಬಂತು ಎನ್ನುವುದನ್ನು ಅಷ್ಟೆ.

ಕೂತು ಅತ್ತೆ. ಅತ್ತು ಮುಗಿಸಿ ಮತ್ತೆ ಆ ಎರಡು ಹಕ್ಕಿಯ ದಾಖಲೆ ತೆರೆದೆ. ಎಣಿಕೆ ಹೇಗೇ ಬಂದಿರಲಿ, ಅದರಾಚೆ ಏನೋ ಇತ್ತು. ಹಾಡನ್ನು ಹತ್ತು ಸಲ ಕೇಳಿಸಿದರೆ ಹತ್ತು ಸಲವೂ ಟಕ್‌ಗಳು ಅದೇ ಅದೇ ಜಾಗದಲ್ಲಿ ಬೀಳುತ್ತಿದ್ದವು, ದನಿ ಏರುವ ಕಡೆ ಒಂದು, ತಟ್ಟನೆ ನಿಲ್ಲುವ ಕಡೆ ಒಂದು. ಹೊಳೆಗೆ ಇನ್ನೊಂದು ಬಗೆ. ಗದ್ದಲಕ್ಕೆ ಮಾತ್ರ ಎಲ್ಲೆಂದರಲ್ಲಿ ಚೆಲ್ಲಾಪಿಲ್ಲಿ. ಸದ್ದಿನ ಹೆಸರು ಮುಚ್ಚಿಟ್ಟು ಬರೀ ಟಕ್‌ಗಳ ಸಾಲು ನೋಡಿದರೂ ಇದು ಮಡಿವಾಳ, ಇದು ಫಿಂಚು, ಇದು ಗಾಜನೂರು ಎಂದು ನಾನು ಹೇಳಬಲ್ಲವಳಾಗಿದ್ದೆ. ಹತ್ತಕ್ಕೆ ಎಂಟೊಂಬತ್ತು ಸಲ ಸರಿ ಹೇಳಿದೆ. ನರಕೋಶ ಯಾವುದನ್ನೂ ಮೆಚ್ಚುತ್ತಿರಲಿಲ್ಲ, ಯಾವುದನ್ನೂ ತಿರಸ್ಕರಿಸುತ್ತಿರಲಿಲ್ಲ. ಅದು ಮಿಡಿಯುವ ಗಳಿಗೆಗಳಿಂದ ಸದ್ದನ್ನು ಬೇರ್ಪಡಿಸುತ್ತಿತ್ತು. ನನ್ನ ಪ್ರಶ್ನೆಗೆ ಉತ್ತರ ಅಲ್ಲಿತ್ತು, ಆ ಎರಡು ಹಕ್ಕಿಗಳಲ್ಲಿ. ಇನ್ನೂ ಒಂದಿಷ್ಟು ಹಕ್ಕಿಯಲ್ಲಿ ಕ್ರಮ ಕಲಸಿ ಮತ್ತೆ ಮಾಡಿದರೆ ನಿಜವಾದ ಸಂಶೋಧನೆ ಆಗುತ್ತಿತ್ತು. ಅಷ್ಟು ಸಂತೋಷ ನನಗೆ ಅದಕ್ಕೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಸರ್ ವಾಪಸ್ ಬಂದ ದಿನವೇ ಹೋಗಿ ಎಲ್ಲ ಹೇಳಿದೆ. ಅವರು ಹೊಸ ಕಾಣಿಕೆಗೆ ಬೀರುವಿನಲ್ಲಿ ಜಾಗ ಮಾಡುತ್ತಿದ್ದರು. ಬೆನ್ನು ತಿರುಗಿಸಿಯೇ ಕೇಳಿಸಿಕೊಂಡರು.

"ಹದಿನೆಂಟು ಹಕ್ಕಿ ಒಂದು ಹೇಳುತ್ತೆ. ಎರಡು ಹಕ್ಕಿ ಇನ್ನೊಂದು ಹೇಳುತ್ತೆ. ಯಾವುದು ಬಹುಮತ ಶೈಲಾ?"

"ಇದು ಎಲೆಕ್ಷನ್ ಅಲ್ಲ ಸರ್."

ತಿರುಗಿ ನೋಡಿದರು. ಕೋಪವೇನೂ ಇರಲಿಲ್ಲ. ಬುದ್ಧಿಯಿಲ್ಲದ ಮಗುವನ್ನು ನೋಡುವ ಹಾಗೆ ಕನಿಕರವಿತ್ತು. ಆ ಕನಿಕರ ನೆನೆದರೆ ಈಗಲೂ ಮೈ ಉರಿಯುತ್ತದೆ.

"ಯಾರು ಹೇಳಿದ್ದು ನಿಮಗೆ ಇದನ್ನ?"

"ಹಕ್ಕಿ ಕೊಡ್ತಾರಲ್ಲ ಸರ್, ಭದ್ರಾವತಿ ಸೆಲ್ವರಾಜಣ್ಣ."

ಅವರು ನಕ್ಕರು. ಬಾಗಿಲ ಹತ್ತಿರ ನಿಂತಿದ್ದ ಗಿರೀಶ ಕೂಡ ನಕ್ಕ. ಸರ್ ಅಂದರು, "ಹಕ್ಕಿ ಮಾರೋನು ನಮಗೆ ನ್ಯೂರೋಸೈನ್ಸ್ ಹೇಳಿಕೊಡ್ತಾನೆ! ನೋಡ್ರೀ, ಕ್ರಮ ಬದಲಾಯಿಸಿ ಮತ್ತೆ ಶುರುವಿಂದ ಮಾಡೋದಾದ್ರೆ ಹೊಸ ಅನುಮತಿ, ಹೊಸ ದುಡ್ಡು, ಎಲ್ಲ ಸೇರಿ ಇನ್ನೆರಡು ವರ್ಷ. ನಿಮ್ಮ ರಿಜಿಸ್ಟ್ರೇಷನ್ ಮುಗಿಯೋದು ಜನವರಿಗೆ. ಮುಂದುವರಿಸಬೇಕು ಅಂದ್ರೆ ನನ್ನ ಸಹಿ ಬೇಕು. ನಾನು ಹಾಕಲ್ಲ. ಇರೋದನ್ನ ಬರೆದುಕೊಟ್ರೆ ಡಿಸೆಂಬರ್‌ನಲ್ಲೇ ಸಹಿ ಹಾಕ್ತೀನಿ. ನಿಮ್ಮಿಷ್ಟ."

ಹೊರಗೆ ಬಂದಮೇಲೆ ಗಿರೀಶ ಹಿಂದೆಯೇ ಓಡಿ ಬಂದ. "ಸುಮ್ನಿರು ಮಾರಾಯ್ತಿ. ಹಕ್ಕಿ ಮಿದುಳು ಯಾರಿಗೆ ಬೇಕಾಗಿದೆ? ಯಾರು ಮತ್ತೆ ಮಾಡಿ ನೋಡ್ತಾರೆ? ನಾಲ್ಕು ವರ್ಷ ಹಾಳು ಮಾಡ್ಕೋಬೇಡ. ಡಾಕ್ಟರ್ ಅಂತ ಹೆಸರಿನ ಹಿಂದೆ ಬಂದ್ಮೇಲೆ ನಿನ್ನಿಷ್ಟ ಬಂದ ಹಾಗೆ ಕ್ರಮ ಹಾಕ್ಕೋ." ಥೂ, ಎಂಥ ಜನ್ಮ ಇವನದು ಅಂದುಕೊಂಡೆ. ಮುಖಕ್ಕೆ ಹೊಡೆದ ಹಾಗೆ ಏನಾದರೂ ಹೇಳಬೇಕಿತ್ತು.

ಸೆಪ್ಟೆಂಬರ್ ಪೂರ್ತಿ ಊಟ ಸೇರಲಿಲ್ಲ. ಅಮ್ಮ ದೃಷ್ಟಿ ತೆಗೆದಳು, ಹೊಳೆಬದಿಯ ಗುಡಿಗೆ ಕರೆದುಕೊಂಡು ಹೋದಳು. ದೂರು ಕೊಡಬಹುದಿತ್ತು. ಬೇರೆ ಗೈಡ್ ಕೇಳಬಹುದಿತ್ತು. ಎಲ್ಲ ಬಿಟ್ಟು ಯಾವುದಾದರೂ ಹೈಸ್ಕೂಲಿನಲ್ಲಿ ಪಾಠ ಹೇಳಬಹುದಿತ್ತು. ಇವೆಲ್ಲ ನನಗೆ ಗೊತ್ತಿತ್ತು, ಒಂದೊಂದನ್ನೂ ಹಾಳೆಯ ಮೇಲೆ ಬರೆದು ನೋಡಿದ್ದೆ. ಅಕ್ಟೋಬರಿನಲ್ಲಿ ಮಳೆ ಹೋಗಿ ಬಿಸಿಲು ಬಂತು. ಒಂದು ಮಧ್ಯಾಹ್ನ ಹತ್ತೊಂಬತ್ತು, ಇಪ್ಪತ್ತನೆಯ ಹಕ್ಕಿಗಳ ದಾಖಲೆಯನ್ನು 'ತಾಂತ್ರಿಕ ತೊಂದರೆ' ಎಂಬ ಹೆಸರಿನ ಫೋಲ್ಡರಿಗೆ ಹಾಕಿ ಮುಚ್ಚಿ, ಉಳಿದ ಹದಿನೆಂಟನ್ನು ಇಟ್ಟುಕೊಂಡು ಪ್ರಬಂಧ ಬರೆಯಲು ಕೂತೆ. ಯಾರೂ ಕೈ ಹಿಡಿದು ಬರೆಸಲಿಲ್ಲ. 'ನಿಸರ್ಗದ ಸದ್ದುಗಳ ಬಗ್ಗೆ ನರಕೋಶಗಳ ಸ್ಪಷ್ಟ ಒಲವು' ಎಂಬ ಅಧ್ಯಾಯವನ್ನು ನಾನೇ, ನನ್ನ ಈ ಬಲಗೈಯಿಂದ ಬರೆದೆ. ಒಳ್ಳೆಯ ಭಾಷೆಯಲ್ಲಿ ಬರೆದೆ. ಸರ್ ಡಿಸೆಂಬರಿನಲ್ಲಿ, ಮಾತು ಕೊಟ್ಟ ಹಾಗೆ, ಸಹಿ ಹಾಕಿದರು.

ಏಪ್ರಿಲ್ ತಿಂಗಳ ಒಂದು ಶನಿವಾರ ವೈವಾ. ಬಹಿರಂಗ ಮೌಖಿಕ ಪರೀಕ್ಷೆ ಎಂದರೆ ಯಾರು ಬೇಕಾದರೂ ಬಂದು ಕೂರಬಹುದು, ಪ್ರಶ್ನೆ ಕೇಳಬಹುದು. ಯಾರೂ ಕೇಳುವುದಿಲ್ಲ. ನೆಂಟರು, ಪರಿಚಯದವರು, ಕೆಲಸವಿಲ್ಲದ ಲೆಕ್ಚರರುಗಳು ಬಂದು, ಹಿಂದಿನ ಮೇಜಿನ ಮೇಲೆ ಮುಚ್ಚಿಟ್ಟ ಖಾರಾಬಾತಿನ ಕಡೆ ಕಣ್ಣಿಟ್ಟುಕೊಂಡು ಕೂರುತ್ತಾರೆ. ಹೊರಗಿನಿಂದ ಬಂದ ಪರೀಕ್ಷಕರು ಸೆಖೆಗೆ ಕರವಸ್ತ್ರ ಬೀಸಿಕೊಳ್ಳುತ್ತ ಎರಡು ಪ್ರಶ್ನೆ ಕೇಳಿದರು. ಒಂದು ನಲವತ್ತನೆಯ ಪುಟದ ಕಾಗುಣಿತದ ಬಗ್ಗೆ, ಇನ್ನೊಂದು ನಾನು ಓದಿದ್ದು ಯಾವ ಹೈಸ್ಕೂಲು ಎಂದು. ಸರ್ ನನ್ನನ್ನು ಹೊಗಳಿ, ನನಗಿಂತ ಹೆಚ್ಚು ತಮ್ಮನ್ನು ಹೊಗಳಿಕೊಂಡು, "ಸಭೆಯಿಂದ ಯಾರಾದರೂ ಪ್ರಶ್ನೆ?" ಎಂದು ಶಾಸ್ತ್ರಕ್ಕೆ ಕೇಳಿದರು.

ಹಿಂದಿನ ಸಾಲಿನಲ್ಲಿ ಸೆಲ್ವರಾಜಣ್ಣ ಎದ್ದು ನಿಂತರು. ಕರೆದದ್ದು ನಾನೇ, ಬರುತ್ತಾರೆ ಎಂದುಕೊಂಡಿರಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಗೆ ವಿಭೂತಿ. ಭದ್ರಾವತಿಯಿಂದ ಬೆಳಗ್ಗಿನ ಬಸ್ಸಿಗೇ ಬಂದಿದ್ದರಂತೆ. ಬಲಗಿವಿ ನನ್ನ ಕಡೆ ಮಾಡಿ ಕೈ ಮುಗಿದರು.

"ತಪ್ಪು ತಿಳ್ಕೋಬೇಡಿ ಮೇಡಂ. ಆ ಸದ್ದು ಹಾಕ್ತಿದ್ರಲ್ಲ, ಮೊದಲು ಯಾವುದು ಹಾಕಿದ್ರಿ?"

ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಪರೀಕ್ಷಕರು ಸರ್ ಕಡೆ ಬಾಗಿ ಯಾರಿವರು ಎಂದು ಕೇಳಿದರು. ಸರ್ ಏನೋ ಪಿಸುಗುಟ್ಟಿದ್ದಕ್ಕೆ ಇಬ್ಬರೂ ನಕ್ಕರು. ಆ ಕೋಣೆಯಲ್ಲಿ ಪ್ರಶ್ನೆ ಎನ್ನಬಹುದಾದ ಪ್ರಶ್ನೆ ಕೇಳಿದವರು ಅವರೊಬ್ಬರೇ, ನಗೆಪಾಟಲಾದವರೂ ಅವರೊಬ್ಬರೇ. ಅಷ್ಟೂ ಮುಖಗಳನ್ನು ನಾನು ವೇದಿಕೆಯ ಮೇಲಿಂದ ನೋಡಿದೆ. ಒಬ್ಬೊಬ್ಬರ ಮೇಲೂ ಹೇಸಿಗೆ ಬಂತು. ಸೆಲ್ವರಾಜಣ್ಣ ಮಾತ್ರ ನಗುವವರ ಕಡೆ ನೋಡದೆ, ಕೈ ಮುಗಿದುಕೊಂಡೇ ನನ್ನ ಉತ್ತರಕ್ಕೆ ಕಾಯುತ್ತಿದ್ದರು. ಹಾಡು ಎಂದರೆ ಸಾಕಿತ್ತು, ಒಂದೇ ಮಾತು.

"ಅವತ್ತು ನಾನು ನಿಮಗೆ ತಪ್ಪು ಹೇಳಿದ್ದೆ. ದಿನಾ ಬೇರೆ ಬೇರೆ ಹಾಕಿದ್ವಿ," ಅಂದೆ. "ಒಂದಿನ ಹಾಡು ಮೊದಲು, ಒಂದಿನ ಗದ್ದಲ ಮೊದಲು. ಕಲಸಿ ಹಾಕಿದ್ವಿ."

ದನಿ ನಡುಗಲೂ ಇಲ್ಲ. ಸರ್ ನನ್ನ ಕಡೆ ತಿರುಗಿದರು. ನಾಲ್ಕು ವರ್ಷದಲ್ಲಿ ಮೊದಲ ಸಲ ಅವರ ಕಣ್ಣಲ್ಲಿ ನನ್ನ ಬಗ್ಗೆ ಮೆಚ್ಚುಗೆ ಕಂಡಿತು.

ಸೆಲ್ವರಾಜಣ್ಣನ ಮುಖ ಅರಳಿತು. "ಹಂಗಾದ್ರೆ ಸರಿ ಅಮ್ಮಾ. ನಾನು ಸುಮ್ನೆ ಭಯ ಬಿದ್ದಿದ್ದೆ," ಎಂದು ಕೂತರು. ಚಪ್ಪಾಳೆ ಬಿತ್ತು. ಅವರದ್ದೇ ಎಲ್ಲರಿಗಿಂತ ಜೋರು, ಎಲ್ಲರಿಗಿಂತ ಕೊನೆಗೆ ನಿಂತಿದ್ದೂ ಅವರದ್ದೇ.

ತಿಂಡಿಯ ಹೊತ್ತಿಗೆ ಅವರು ಗುರುತಿಲ್ಲದ ಯಾರನ್ನೋ ಹಿಡಿದು ನಿಲ್ಲಿಸಿಕೊಂಡು ಹೇಳುತ್ತಿದ್ದರು, "ಇಪ್ಪತ್ತು ಹಕ್ಕಿ ಸಾರ್, ಇಪ್ಪತ್ತೂ ನಮ್ಮನೇದು. ಒಂದೂ ವೇಸ್ಟ್ ಆಗಿಲ್ಲ." ನಾನು ತಟ್ಟೆ ಹಿಡಿದು ಹಾದುಹೋಗುವಾಗ ಕರೆದರು.

"ಈಗ ಮರಿ ಆಗಿದೆ ಮೇಡಂ, ಹನ್ನೊಂದು. ಬೇಕಂದ್ರೆ ಹೇಳಿ, ನಾನೇ ತಂದು ಕೊಡ್ತೀನಿ."

"ಇನ್ನು ಬೇಕಾಗಲ್ಲ ಸೆಲ್ವರಾಜಣ್ಣ," ಅಂದೆ. "ಎಲ್ಲಾ ಗೊತ್ತಾಯ್ತು."